ಗಡುವು ಮುಗಿಯುವ ಮುಂಚೆ

ಹುಡುಗಿಯರು ನನ್ನ ಹತ್ತಿರ ಬರುವ ಹೊತ್ತಿಗೆ ಸಾಮಾನ್ಯವಾಗಿ ತಡವಾಗಿರುತ್ತದೆ. ಅದು ಅವರ ತಪ್ಪಲ್ಲ. ನಡೆದದ್ದು ಏನು ಅಂತ ಮೊದಲು ತಮಗೆ ತಾವೇ ಹೇಳಿಕೊಳ್ಳಬೇಕು. ಆಮೇಲೆ ಯಾರೋ ಒಬ್ಬ ಗೆಳತಿಗೆ ಹೇಳಬೇಕು. ಆ ಗೆಳತಿ "ಸುಮ್ನೆ ಬಿಡೇ, ಯಾಕೆ ಬೇಕು" ಅಂದುಬಿಟ್ಟರೆ ಇನ್ನೊಂದು ತಿಂಗಳು ಮಾತು ಹೊರಡುವುದಿಲ್ಲ. ದಿನದ ಲೆಕ್ಕ ಮಾತ್ರ ಅವಳಿಗಾಗಿ ಕಾಯುವುದಿಲ್ಲ. ಲೈಂಗಿಕ ಕಿರುಕುಳದ ಬಗ್ಗೆ ಕಾಲೇಜಿನ ಆಂತರಿಕ ದೂರು ಸಮಿತಿಗೆ ದೂರು ಕೊಡಲು ಇರುವುದು ಘಟನೆ ನಡೆದ ದಿನದಿಂದ 3 ತಿಂಗಳು. ತಡವಾಗಿದ್ದಕ್ಕೆ ಸರಿಯಾದ ಕಾರಣ ಇದೆ ಅಂತ ಸಮಿತಿ ಒಪ್ಪಿ, ಅದನ್ನು ಬರೆದಿಟ್ಟರೆ ಇನ್ನೂ 3 ತಿಂಗಳು. ಅಷ್ಟೇ.

ನಾನು ಬೆಂಗಳೂರಿನ ಪದವಿ ಕಾಲೇಜುಗಳಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಳಾದವಳು. ವಕೀಲೆಯಲ್ಲ, ಯಾವ ಸಂಸ್ಥೆಯವಳೂ ಅಲ್ಲ. ದೂರು ಕೊಡಲು ಹೊರಟ ವಿದ್ಯಾರ್ಥಿನಿಯರ ಜೊತೆ ಹೋಗುತ್ತೇನೆ. ಅರ್ಜಿ ಬರೆಯುವಾಗ ಪಕ್ಕದಲ್ಲಿರುತ್ತೇನೆ, ನಿಯಮಗಳ ಪ್ರತಿ ಚೀಲದಲ್ಲಿ ಇಟ್ಟುಕೊಂಡಿರುತ್ತೇನೆ. ಹಳೆಯ ವಿದ್ಯಾರ್ಥಿನಿಯರ ಬಾಯಿಂದ ಬಾಯಿಗೆ ಸುದ್ದಿ ಹೋಗಿ ಹೊಸಬರು ಬರುತ್ತಾರೆ. ಇಲ್ಲಿ ಬರೆಯುತ್ತಿರುವುದು ಒಬ್ಬಳ ಜೊತೆ ನಡೆದ ದಾರಿಯ ಬಗ್ಗೆ. ಅವಳು ಒಪ್ಪಿದ್ದಾಳೆ, ಬರೆದದ್ದನ್ನು ಓದಿದ್ದಾಳೆ. ಅವಳ ಗುರುತು ಸಿಗುವ ಯಾವುದನ್ನೂ ಉಳಿಸಿಲ್ಲ. ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ 16ನೇ ಸೆಕ್ಷನ್ ದೂರಿನ ಗುಟ್ಟನ್ನು ಕಾಪಾಡು ಅನ್ನುತ್ತದೆ. ಆದರೆ ಗುರುತು ಬಿಟ್ಟುಕೊಡದೆ, ನ್ಯಾಯ ಸಿಕ್ಕ ವಿಷಯ ಹೇಳಲು ಅದೇ ಸೆಕ್ಷನ್ ಅವಕಾಶವನ್ನೂ ಕೊಡುತ್ತದೆ.

ಅವಳು ಬಂದದ್ದು 2025ರ ಜನವರಿ ಕೊನೆಯಲ್ಲಿ. ನಾವು ಕುಳಿತದ್ದು ಕಬ್ಬನ್ ಪಾರ್ಕಿನಲ್ಲಿ, ಕೆಂಪು ಬಣ್ಣದ ಕೇಂದ್ರ ಗ್ರಂಥಾಲಯದ ಹತ್ತಿರದ ಕಲ್ಲುಬೆಂಚಿನ ಮೇಲೆ. ಪಿಜಿಯಲ್ಲಿ ಗೋಡೆಗೂ ಕಿವಿ ಇರುತ್ತದೆ, ಹೋಟೆಲಿನಲ್ಲಿ ಪಕ್ಕದ ಟೇಬಲ್ಲಿನವರು ತಿರುಗಿ ನೋಡುತ್ತಾರೆ. ಪಾರ್ಕಿನಲ್ಲಿ ಅತ್ತರೂ ಯಾರೂ ಕೇಳುವುದಿಲ್ಲ. ಎರಡನೇ ವರ್ಷದ ಪದವಿ, ಹತ್ತೊಂಬತ್ತು ದಾಟಿದ ವಯಸ್ಸು. ನವೆಂಬರ್ ಮಧ್ಯದಲ್ಲಿ ಡಿಪಾರ್ಟ್‌ಮೆಂಟಿನವರು ಸ್ಟಡಿ ಟೂರ್ ಕರೆದುಕೊಂಡು ಹೋಗಿದ್ದರು. ವಾಪಸ್ ಬರುವ ರಾತ್ರಿ ಬಸ್ಸಿನಲ್ಲಿ, ಲೈಟ್ ಆರಿಸಿದ ಮೇಲೆ, ಅವಳದೇ ತರಗತಿಯ ಹುಡುಗ ಪಕ್ಕಕ್ಕೆ ಬಂದು ಕೂತ. ಮುಂದಿನದನ್ನು ನಾನು ಬರೆಯುವುದಿಲ್ಲ. ಅವಳು ಬೇಡ ಅಂತ ಹೇಳಿದ್ದಳು, ಕೈ ತಳ್ಳಿದ್ದಳು, ಅವನು ನಿಲ್ಲಿಸಲಿಲ್ಲ.

ಕ್ಲಾಸ್ ಟೀಚರಿಗೆ ಹೇಳಿದಾಗ ಸಿಕ್ಕ ಉತ್ತರ: "ಅದು ಕಾಲೇಜಿನ ಒಳಗೆ ಆಗಿಲ್ಲವಲ್ಲಮ್ಮ, ನಾವೇನು ಮಾಡೋಕಾಗುತ್ತೆ?"

ಈ ಮಾತನ್ನು ನಾನು ಬೇರೆ ಬೇರೆ ಬಾಯಲ್ಲಿ ಎಷ್ಟೋ ಸಲ ಕೇಳಿದ್ದೇನೆ. ವಿಶ್ವವಿದ್ಯಾಲಯ ಅನುದಾನ ಆಯೋಗದ, ಅಂದರೆ ಯುಜಿಸಿಯ, ನಿಯಮ ಇದಕ್ಕೆ ನೇರವಾಗಿ ಉತ್ತರ ಕೊಡುತ್ತದೆ. ಅದಕ್ಕೆ 2015ರ ನಿಯಮ ಅಂತ ಹೆಸರು, ಗೆಜೆಟ್‌ನಲ್ಲಿ ಬಂದದ್ದು 2016ರ ಮೇ ತಿಂಗಳಲ್ಲಿ. ಕ್ಯಾಂಪಸ್ ಅಂದರೆ ಕಟ್ಟಡ ಮಾತ್ರ ಅಲ್ಲ. ಹಾಸ್ಟೆಲ್, ಕಾಲೇಜಿನ ಬಸ್ಸು, ಫೀಲ್ಡ್ ಟ್ರಿಪ್, ಇಂಟರ್ನ್‌ಶಿಪ್, ಸ್ಟಡಿ ಟೂರ್, ಸಾಂಸ್ಕೃತಿಕ ಉತ್ಸವದ ಕ್ಯಾಂಪು, ಕ್ರೀಡಾಕೂಟ ಎಲ್ಲವೂ ಸೇರುತ್ತವೆ. ಆ ಪುಟವನ್ನು ಅವಳ ಮುಂದೆ ಇಟ್ಟೆ. ಅವಳು ಓದಿದಳು. "ಹಾಗಾದ್ರೆ ಮೇಡಂ, ಅವರು ನನಗೆ ಸುಳ್ಳು ಹೇಳಿದ್ರಾ?" ಅಂತ ಕೇಳಿದಳು. ಅವರಿಗೇ ಗೊತ್ತಿರಲಿಲ್ಲ ಅನಿಸುತ್ತದೆ ಅಂದೆ. ಗೊತ್ತಿಲ್ಲದವರು ಗೊತ್ತಿದ್ದವರ ಹಾಗೆ ಮಾತಾಡಿದ್ದರಿಂದ ಎರಡು ತಿಂಗಳು ಹೋಗಿತ್ತು.

ಲೆಕ್ಕ ಹಾಕಿದರೆ ಗಡುವಿಗೆ ಎರಡು ವಾರದಷ್ಟು ಮಾತ್ರ ಉಳಿದಿತ್ತು. ಹಾಗಂತ ನಾನು ಅವಸರ ಮಾಡಲಿಲ್ಲ. ದೂರು ಕೊಡಬೇಕೋ ಬೇಡವೋ ಅನ್ನುವುದು ಅವಳ ತೀರ್ಮಾನ. ಈ ಕೆಲಸದಲ್ಲಿ ನಾನು ಬಿಡದೆ ಹಿಡಿದುಕೊಂಡಿರುವ ಮಾತು ಇದೊಂದೇ. ಅವಳ ಮೇಲೆ ನಡೆದದ್ದು ಅವಳ ಒಪ್ಪಿಗೆ ಇಲ್ಲದೆ ನಡೆಯಿತು. ಅದರ ಪರಿಹಾರವೂ ಅವಳನ್ನು ಕೇಳದೆ ನಡೆಯಬಾರದು. ನಾನು ಅವಳಿಗೆ ಕೊಟ್ಟದ್ದು ಒಂದು ದಿನಾಂಕ. ಇಷ್ಟರೊಳಗೆ ಕೊಟ್ಟರೆ ಯಾರ ದಯೆಯೂ ಬೇಕಿಲ್ಲ, ಆಮೇಲಾದರೆ ಕಾರಣ ಹೇಳಿ ಒಪ್ಪಿಸಬೇಕು ಅಂದೆ. ಪೊಲೀಸ್ ದಾರಿ ಬೇರೆ ಇದೆ, ಎರಡನ್ನೂ ಒಟ್ಟಿಗೆ ಹಿಡಿಯಬಹುದು, ಒಂದನ್ನೇ ಹಿಡಿಯಬಹುದು, ಯಾವುದೂ ಬೇಡ ಅಂದರೂ ನಾನು ಇಲ್ಲೇ ಇರುತ್ತೇನೆ ಅಂದೆ.

ಮೂರು ದಿನ ಬಿಟ್ಟು ಫೋನ್ ಬಂತು. "ಕಾಲೇಜಲ್ಲಿ ಕೊಡೋಣ ಮೇಡಂ. ಠಾಣೆ ಈಗ ಬೇಡ."

ದೂರನ್ನು ಅವಳು ಕನ್ನಡದಲ್ಲೇ ಬರೆದಳು. ಇಂಗ್ಲಿಷಿನಲ್ಲಿ ಬರೆದರೆ ತೂಕ ಜಾಸ್ತಿ ಅಂತ ಯಾರೋ ಹೇಳಿದ್ದರಂತೆ. ನಾನು ಒಪ್ಪಲಿಲ್ಲ. ವಿಚಾರಣೆಯಲ್ಲಿ ಒಂದೊಂದು ವಾಕ್ಯದ ಮೇಲೂ ಪ್ರಶ್ನೆ ಬರುತ್ತದೆ. ತನ್ನದಲ್ಲದ ವಾಕ್ಯಕ್ಕೆ ಉತ್ತರ ಕೊಡುವುದು ಕಷ್ಟ. ಯಾವ ದಿನ, ಎಷ್ಟು ಗಂಟೆ ಸುಮಾರಿಗೆ, ಬಸ್ಸಿನ ಯಾವ ಸೀಟು, ಹಿಂದೆ ಮುಂದೆ ಯಾರಿದ್ದರು, ಅವಳು ಏನು ಅಂದಳು, ಅವನು ಏನು ಅಂದ. ನೆನಪಿಲ್ಲದ್ದಕ್ಕೆ ನೆನಪಿಲ್ಲ ಅಂತಲೇ ಬರೆ ಅಂದೆ. ಅಂದಾಜಿನ ಒಂದು ಮಾತು ತಪ್ಪಾದರೆ ಅದನ್ನೇ ಹಿಡಿದು ಉಳಿದದ್ದೆಲ್ಲ ಸುಳ್ಳು ಅನ್ನುವವರಿರುತ್ತಾರೆ. ಆ ರಾತ್ರಿಯೇ ಅವಳು ಗೆಳತಿಗೆ ಕಳಿಸಿದ್ದ ವಾಟ್ಸಾಪ್ ಮೆಸೇಜು, ಮಾರನೇ ದಿನ ಆ ಹುಡುಗ ಕಳಿಸಿದ್ದ "ಸಾರಿ, ಯಾರಿಗೂ ಹೇಳ್ಬೇಡ" ಎಂಬ ಮೆಸೇಜು, ಎರಡರದ್ದೂ ಸ್ಕ್ರೀನ್‌ಶಾಟ್ ಪ್ರಿಂಟ್ ತೆಗೆಸಿದೆವು. ಮೂಲ ಮೆಸೇಜು ಫೋನಿನಿಂದ ಅಳಿಸದಂತೆ ಎಚ್ಚರ ಹೇಳಿದೆ. ಕೇಂದ್ರದ 2013ರ ನಿಯಮದಲ್ಲಿ ದೂರಿನ ಆರು ಪ್ರತಿ ಕೊಡಬೇಕು ಅಂತಿದೆ. ಆರು ಮಾಡಿಸಿ, ಏಳನೆಯದನ್ನು ನಮಗೆ ಇಟ್ಟುಕೊಂಡೆವು.

ಆ ಏಳನೇ ಪ್ರತಿಯ ಮೇಲೆ ಸೀಲು ಹಾಕಿಸುವುದೇ ದೊಡ್ಡ ಕೆಲಸವಾಯಿತು. ಆಫೀಸಿನ ಗುಮಾಸ್ತರು "ಇದನ್ನು ಇನ್‌ವರ್ಡ್ ಮಾಡೋಕೆ ನಮಗೆ ಹೇಳಿಲ್ಲ, ಪ್ರಿನ್ಸಿಪಾಲ್ ಹತ್ರ ಹೋಗಿ" ಅಂದರು. ಪ್ರಿನ್ಸಿಪಾಲರು ಲಕೋಟೆ ತೆಗೆದುಕೊಂಡು "ನೋಡ್ತೀನಿ, ನೀವು ಹೋಗಿಬನ್ನಿ" ಅಂದರು. ನಾವು ಹೋಗಲಿಲ್ಲ. ಸ್ವೀಕೃತಿ ಬೇಕು ಸಾರ್ ಅಂತ ಅವಳೇ ಹೇಳಿದಳು, ನಾನಲ್ಲ. ಧ್ವನಿ ನಡುಗುತ್ತಿತ್ತು, ಆದರೂ ಹೇಳಿದಳು. ಅವರು ಸ್ವಲ್ಪ ಹೊತ್ತು ನೋಡಿ ಬೆಲ್ ಒತ್ತಿದರು. ತಾರೀಖು ಸಮೇತ ಸೀಲು ಬಿತ್ತು. ಅವತ್ತು ಸಂಜೆಯೇ ಅದೇ ದೂರನ್ನು ಸಮಿತಿಯ ಇಮೇಲಿಗೂ ಕಳಿಸಿದೆವು.

ಇಮೇಲ್ ವಿಳಾಸ ನಮಗೆ ಸಿಕ್ಕಿದ್ದು ಕಾಲೇಜಿನ ಬಾಗಿಲಲ್ಲೇ ಇದ್ದ ಹೊಚ್ಚ ಹೊಸ ಫಲಕದಿಂದ. ಅದು ಅಲ್ಲಿಗೆ ಬಂದದ್ದಕ್ಕೂ ಒಂದು ಕಾರಣ ಇದೆ ಅಂತ ನಾನು ನಂಬಿದ್ದೇನೆ. 2024ರ ಡಿಸೆಂಬರ್ 3ರಂದು ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಗಡುವು ಹಾಕಿತ್ತು. ಪ್ರತಿ ಜಿಲ್ಲೆಯಲ್ಲಿ ಈ ಕಾಯ್ದೆಗೆ ಒಬ್ಬ ಅಧಿಕಾರಿ ಇರಬೇಕು, ಸ್ಥಳೀಯ ಸಮಿತಿ ಇರಬೇಕು, ಸಂಸ್ಥೆಗಳಲ್ಲಿ ಆಂತರಿಕ ಸಮಿತಿ ಇದೆಯೋ ಇಲ್ಲವೋ ಅಂತ ನೋಡಬೇಕು ಎಂದು. ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯಲು ಮಾರ್ಗಸೂಚಿ ಕೊಟ್ಟ ವಿಶಾಖಾ ತೀರ್ಪು ಬಂದದ್ದು 1997ರಲ್ಲಿ. ಕಾಯ್ದೆ ಬಂದದ್ದು 2013ರಲ್ಲಿ. ಅಷ್ಟು ವರ್ಷಗಳ ನಂತರವೂ ಸಮಿತಿ ಇದೆಯಾ ಅಂತ ಕೋರ್ಟೇ ಕೇಳಬೇಕಾಯಿತು. ಬೆಂಗಳೂರಿನ ಎಷ್ಟೋ ಕಾಲೇಜುಗಳಲ್ಲಿ ಸಮಿತಿ ಎಂದರೆ ಕಾಲೇಜಿಗೆ ದರ್ಜೆ ಕೊಡುವ ನ್ಯಾಕ್ ತಂಡ ಬರುವಾಗ ತೋರಿಸುವ ಒಂದು ಫೈಲು. ಈ ಮಾತು ಕಹಿಯೇ, ಆದರೆ ಪಾಠ ಮಾಡಿದಷ್ಟು ವರ್ಷವೂ ಆ ಫೈಲನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ಫಲಕ ಹೊಸದು, ಹೆಸರುಗಳು ಮಾತ್ರ ನಿಯಮಕ್ಕೆ ಹೊಂದುತ್ತಿರಲಿಲ್ಲ. ವಿಭಾಗದ ಮುಖ್ಯಸ್ಥರೊಬ್ಬರು ಸಮಿತಿಯಲ್ಲಿದ್ದರು. ಯುಜಿಸಿ ನಿಯಮದ ಪ್ರಕಾರ ವಿಭಾಗದ ಮುಖ್ಯಸ್ಥರು, ಡೀನ್, ರಿಜಿಸ್ಟ್ರಾರ್, ಕುಲಪತಿ ಇವರು ಯಾರೂ ಸದಸ್ಯರಾಗುವಂತಿಲ್ಲ. ವಿದ್ಯಾರ್ಥಿಗಳ ಪ್ರಕರಣವಾದರೆ ಮೂವರು ವಿದ್ಯಾರ್ಥಿ ಪ್ರತಿನಿಧಿಗಳಿರಬೇಕು, ಅವರು ಆಯ್ಕೆಯಾಗಿ ಬಂದಿರಬೇಕು. ಇಲ್ಲಿ ಒಬ್ಬರೂ ಇರಲಿಲ್ಲ. ಹೊರಗಿನ ಸದಸ್ಯೆ ಒಬ್ಬರಿದ್ದರು. ಒಟ್ಟು ಸದಸ್ಯರಲ್ಲಿ ಅರ್ಧಕ್ಕಿಂತ ಕಡಿಮೆಯಿಲ್ಲದಷ್ಟು ಹೆಂಗಸರಿದ್ದರು. ಅಷ್ಟರಮಟ್ಟಿಗೆ ಸರಿ ಇತ್ತು.

ದೂರು ಕೊಟ್ಟಾದ ಮೇಲೆ ಇದನ್ನು ಎತ್ತಿದೆವು, ಮುಂಚೆ ಅಲ್ಲ. ಮೊದಲು ತಾರೀಖು ಭದ್ರವಾಗಬೇಕು. ಅವಳ ಗೆಳತಿಯೊಬ್ಬಳಿಗೆ ಇದು ಸರಿಹೋಗಲಿಲ್ಲ. "ಸಮಿತಿ ಸರಿ ಮಾಡಿ ಅಂತ ನಾವೇ ಕೇಳಿದ್ರೆ ಇನ್ನೂ ಲೇಟ್ ಆಗಲ್ವಾ ಮೇಡಂ?" ಅಂದಳು. ಆಗುತ್ತದೆ. ಆದರೆ ಗೋವಾ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಏನಾಯಿತು ಅಂತ ಅವಳಿಗೆ ಹೇಳಿದೆ. ಅಲ್ಲಿ ಸಮಿತಿ ವಿಚಾರಣೆಯನ್ನು ಅವಸರದಲ್ಲಿ ಮುಗಿಸಿತ್ತು, ಪ್ರಾಧ್ಯಾಪಕರನ್ನು ವಜಾ ಮಾಡಲಾಗಿತ್ತು. 2023ರ ಮೇ 12ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನೇ ರದ್ದು ಮಾಡಿ, ಮತ್ತೆ ವಿಚಾರಣೆ ಮಾಡಿ ಅಂತ ಕಳಿಸಿತು. ಆರೋಪಿಗೆ ತನ್ನ ಮಾತು ಹೇಳಲು ಸರಿಯಾದ ಅವಕಾಶ ಸಿಕ್ಕಿಲ್ಲ ಅನ್ನುವುದು ಕಾರಣ. ದೂರು ಕೊಟ್ಟವರು ವರ್ಷಗಟ್ಟಲೆ ಕಾದು ಮತ್ತೆ ಶುರುವಿನಿಂದ ನಿಲ್ಲಬೇಕು. ಸಮಿತಿ ಸರಿಯಾಗಿರಲಿ, ಅವನಿಗೂ ಪೂರ್ತಿ ಅವಕಾಶ ಸಿಗಲಿ ಅಂತ ನಾನು ಹಟ ಹಿಡಿಯುವುದು ಅವಳಿಗಾಗಿಯೇ. ಅವನಿಗೂ ಆ ಹಕ್ಕಿದೆ, ಅದೂ ನಿಜ.

ಪತ್ರ ಬರೆದ ಮೇಲೆ ವಿಭಾಗ ಮುಖ್ಯಸ್ಥರ ಹೆಸರು ಹೋಯಿತು. ವಿದ್ಯಾರ್ಥಿ ಪ್ರತಿನಿಧಿಗಳ ಚುನಾವಣೆಯೂ ಆಯಿತು. ಕಾಲೇಜಿನ ಚರಿತ್ರೆಯಲ್ಲಿ ಮೊದಲ ಸಲವಂತೆ.

ಇಷ್ಟರ ನಡುವೆ ಅವಳು ದಿನವೂ ಅದೇ ತರಗತಿಗೆ ಹೋಗಬೇಕಿತ್ತು. ಲ್ಯಾಬಿನಲ್ಲಿ ಅವನೂ ಅವಳೂ ಒಂದೇ ಬ್ಯಾಚು. ಅವಳು ಲ್ಯಾಬ್ ಬಿಡತೊಡಗಿದಳು. ಹಾಜರಾತಿ ಶೇ. 75ಕ್ಕಿಂತ ಕೆಳಗೆ ಇಳಿದರೆ ಹಾಲ್ ಟಿಕೆಟ್ ಸಿಗುವುದಿಲ್ಲ. ಅನ್ಯಾಯ ಆದವಳೇ ಪರೀಕ್ಷೆಯಿಂದ ಹೊರಗುಳಿಯುವ ಸ್ಥಿತಿ. ದೂರು ಕೊಟ್ಟ ಎಷ್ಟೋ ಹುಡುಗಿಯರು ಓದು ಬಿಡುವುದು ಇಲ್ಲೇ, ವಿಚಾರಣೆಯಲ್ಲಿ ಅಲ್ಲ. ಯಾರಿಗೂ ಹೆಚ್ಚು ಗೊತ್ತಿಲ್ಲದ ಸಾಲೊಂದು ಅದೇ ನಿಯಮದಲ್ಲಿದೆ. ದೂರು ಬಾಕಿ ಇರುವಾಗ ಹಾಜರಾತಿಯಲ್ಲಿ ಸಡಿಲಿಕೆ, ರಜೆ, ಬೇರೆ ವಿಭಾಗಕ್ಕೋ ಬೇರೆ ಮಾರ್ಗದರ್ಶಕರಿಗೋ ವರ್ಗಾವಣೆ, ಇವನ್ನು ಕೊಡುವುದು ಸಮಿತಿಯ ಜವಾಬ್ದಾರಿ. ಆರೋಪಿಯನ್ನೇ ಬೇರೆ ಕಡೆ ಕಳಿಸಬಹುದು. ಆರೋಪಿ ಮೇಷ್ಟ್ರಾಗಿದ್ದರೆ ಅವಳ ಉತ್ತರ ಪತ್ರಿಕೆ ನೋಡದಂತೆ ತಡೆಯಬಹುದು. ಎರಡು ಪ್ಯಾರಾದ ಅರ್ಜಿ ಕೊಟ್ಟೆವು. ಅವನನ್ನು ಇನ್ನೊಂದು ಬ್ಯಾಚಿಗೆ ಹಾಕಿದರು. ಅವಳನ್ನಲ್ಲ. ಅವಳು ಇದ್ದ ಜಾಗದಲ್ಲೇ ಇದ್ದಳು. ಇಡೀ ಪ್ರಕ್ರಿಯೆಯಲ್ಲಿ ಅವಳು ನಕ್ಕದ್ದು ಅವತ್ತು.

ವಿಚಾರಣೆಯ ದಿನ ನನ್ನನ್ನು ಒಳಗೆ ಬಿಡಲಿಲ್ಲ. ಸಮಿತಿಯ ಮುಂದೆ ವಕೀಲರನ್ನು ಕರೆತರುವಂತಿಲ್ಲ ಅಂತ ನಿಯಮ ಇದೆ. ನಾನು ವಕೀಲೆ ಅಲ್ಲದಿದ್ದರೂ ಅದನ್ನೇ ಹೇಳಿದರು. ಕಾರಿಡಾರಿನ ಬೆಂಚಿನ ಮೇಲೆ ಕುಳಿತೆ. ಒಳಗಿನದನ್ನು ಆಮೇಲೆ ಅವಳೇ ಹೇಳಿದ್ದು. ಒಬ್ಬರು "ಯಾಕೆ ಕಿರುಚಲಿಲ್ಲ? ಬಸ್ ತುಂಬ ಜನ ಇದ್ದರಲ್ಲ?" ಎಂದು ಕೇಳಿದರಂತೆ. ಹೊರಗಿನ ಸದಸ್ಯೆ ಆ ಪ್ರಶ್ನೆಯನ್ನು ಅಲ್ಲೇ ತಡೆದರಂತೆ. ಹೆದರಿದ ಮೈ ಮರಗಟ್ಟುತ್ತದೆ, ಕಿರುಚದಿರುವುದು ಒಪ್ಪಿಗೆ ಅಲ್ಲ ಅಂದರಂತೆ. ಸಮಿತಿಯಲ್ಲಿ ಹೊರಗಿನವರು ಒಬ್ಬರು ಇರಲೇಬೇಕು ಅಂತ ಕಾನೂನು ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ನನಗೆ ಸಿಕ್ಕಿಲ್ಲ. ಆ ಹುಡುಗನ ಪ್ರಶ್ನೆಗಳನ್ನು ಬರೆದು ಕೊಡಲು ಹೇಳಿ, ಸಮಿತಿಯವರೇ ಓದಿ ಕೇಳಿದರು. ಇಬ್ಬರೂ ಎದುರುಬದುರು ಕೂರಬೇಕಾಗಲಿಲ್ಲ.

ನಿಜವಾದ ಒತ್ತಡ ಬಂದದ್ದು ಹೊರಗಿನಿಂದ. ಹುಡುಗನ ತಂದೆತಾಯಿ, ಜೊತೆಗೆ ಊರಿನ ಹಿರಿಯರೊಬ್ಬರು, ಅವಳ ಪಿಜಿ ಹತ್ತಿರ ಬಂದರು. ಹಣ್ಣು ತಂದಿದ್ದರು. "ತಪ್ಪಾಯ್ತು ಅಂತ ಬರೆದುಕೊಡ್ತಾನೆ, ರಾಜಿ ಮಾಡ್ಕೊಳಮ್ಮ, ಅವನ ಜೀವನದ ಪ್ರಶ್ನೆ" ಅಂದರು. ಮರುದಿನ ಕಾಲೇಜಿನಿಂದಲೂ ಅದೇ ಧಾಟಿಯ ಫೋನು. ರಾಜಿ ಕಾನೂನಿನಲ್ಲಿ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಅದನ್ನು ಕೇಳಬೇಕಾದವಳು ದೂರುದಾರೆ. ಕಾಲೇಜು ಕೇಳುವಂತಿಲ್ಲ, ಹುಡುಗನ ಮನೆಯವರು ಕೇಳುವಂತಿಲ್ಲ, ಹಣ ಅದರ ಆಧಾರ ಆಗುವಂತಿಲ್ಲ. ಇದನ್ನು ಬರೆದು ಸಮಿತಿಗೆ ಕೊಟ್ಟೆವು. ಪಿಜಿಗೆ ಬಂದದ್ದನ್ನೂ ಬರೆದೆವು. ಹುಡುಗನ ಕಡೆಯವರು ಅವಳಿಂದ ದೂರ ಇರಬೇಕು ಅಂತ ಸಮಿತಿ ಎಚ್ಚರಿಕೆ ಕೊಟ್ಟಿತು.

ಆಮೇಲೆ ಅವಳ ಅಮ್ಮ ಬಂದರು, ರಾತ್ರಿ ಬಸ್ಸಿನಲ್ಲಿ ಮೆಜೆಸ್ಟಿಕ್‌ಗೆ. ನಮ್ಮ ಮನೆಯಲ್ಲೇ ಉಳಿದರು. ಅವರು ಮಗಳನ್ನು ಬೈಯಲಿಲ್ಲ, ದೂರು ವಾಪಸ್ ತಗೋ ಅಂತಲೂ ಅನ್ನಲಿಲ್ಲ. ಅಡುಗೆಮನೆಯಲ್ಲಿ ನನಗೆ ಮಾತ್ರ ಕೇಳುವ ಹಾಗೆ ಹೇಳಿದರು: "ಅವರಪ್ಪಂಗೆ ಗೊತ್ತಾದ್ರೆ ಓದು ಬಿಡಿಸಿ ಮದುವೆ ಮಾಡಿಬಿಡ್ತಾರೆ ಕಣಕ್ಕ. ಕಾಗದ ಏನಾದ್ರೂ ಮನೆಗೆ ಬರುತ್ತಾ?" ಆ ಪ್ರಶ್ನೆಗೆ ಉತ್ತರ ಇತ್ತು. ಅವಳು ವಯಸ್ಕಳು, ಪತ್ರವ್ಯವಹಾರ ಅವಳು ಕೊಟ್ಟ ವಿಳಾಸಕ್ಕೆ ಮಾತ್ರ ಬರಲಿ ಅಂತ ಕೇಳಿಕೊಂಡೆವು. ಸಮಿತಿ ಒಪ್ಪಿತು. ಗುಟ್ಟು ಕಾಯುವ ನಿಯಮ ಬರೆದವರಿಗೆ ಈ ಅಮ್ಮಂದಿರ ಭಯ ಗೊತ್ತಿತ್ತು ಅನಿಸುತ್ತದೆ. ಬೆಂಗಳೂರಿಗೆ ಓದಲು ಬಂದ ಹಳ್ಳಿಯ ಹುಡುಗಿಗೆ ಆರೋಪಿಯಷ್ಟೇ ಭಯ ಊರಿಗೆ ಹೋಗುವ ಸುದ್ದಿಯದು.

ನಿಯಮದಂತೆ 90 ದಿನದೊಳಗೆ ವಿಚಾರಣೆ ಮುಗಿಯಬೇಕು, ಮುಗಿಯಿತು. ಆರೋಪ ಸಾಬೀತಾಗಿದೆ ಅಂತ ವರದಿ ಬಂತು. ಒಂದು ಸೆಮಿಸ್ಟರ್ ಅಮಾನತು, ಅಷ್ಟು ದಿನ ಕ್ಯಾಂಪಸ್ಸಿಗೆ ಬರುವಂತಿಲ್ಲ, ಕಡ್ಡಾಯ ಕೌನ್ಸೆಲಿಂಗ್. ಆಡಳಿತ ಮಂಡಳಿ ಇದನ್ನು ಎರಡು ವಾರಕ್ಕೆ ಇಳಿಸಲು ನೋಡಿತು. ಶಿಫಾರಸಿನಂತೆ ನಡೆಯುವುದಿಲ್ಲವಾದರೆ ಅದಕ್ಕೆ ಕಾರಣವನ್ನು ಬರೆದು ಸಮಿತಿಗೂ ಎರಡೂ ಕಡೆಯವರಿಗೂ ಕೊಡಬೇಕು. ಆ ಸಾಲನ್ನು ತೋರಿಸಿ, ಕಾರಣ ಬರಹದಲ್ಲಿ ಕೊಡಿ ಅಂತ ಕೇಳಿದೆವು. ಅವರು ಬರೆಯಲಿಲ್ಲ. ಶಿಫಾರಸೇ ಜಾರಿಯಾಯಿತು. ಮೇಲ್ಮನವಿಗೆ ಇದ್ದ 30 ದಿನ ಹುಡುಗನ ಕಡೆಯಿಂದ ಏನೂ ಬರಲಿಲ್ಲ.

ಇದನ್ನು ಗೆಲುವು ಅಂತ ಕರೆಯಲು ನನಗೆ ಮನಸ್ಸಿಲ್ಲ. ಅದೇ ವರ್ಷ ನನ್ನ ಹತ್ತಿರ ಒಬ್ಬ ಹುಡುಗನೂ ಬಂದಿದ್ದ. ಹಾಸ್ಟೆಲಿನಲ್ಲಿ ಅವನ ಮೇಲೆ ಆದದ್ದು ಅತ್ಯಾಚಾರ, ಬೇರೆ ಮಾತಿಲ್ಲ. ಯುಜಿಸಿ ನಿಯಮ ಎಲ್ಲ ಲಿಂಗದ ವಿದ್ಯಾರ್ಥಿಗಳ ಪರವಾಗಿ ನಿಲ್ಲಿ ಅಂತ ಕಾಲೇಜುಗಳಿಗೆ ಹೇಳುತ್ತದೆ. ಆದರೆ ಹಳೆಯ ಐಪಿಸಿಯ ಜಾಗಕ್ಕೆ 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ ಹಳೆಯ 377ಕ್ಕೆ ಸಮನಾದ ಸೆಕ್ಷನ್ನೇ ಇಲ್ಲ. ಒಪ್ಪಿಗೆಯ ಸಂಬಂಧ ಅಪರಾಧವಲ್ಲ ಅಂತ 2018ರಲ್ಲೇ ಆಗಿತ್ತು, ಅದು ಸರಿಯಾದ ತೀರ್ಪು. ಒಪ್ಪಿಗೆ ಇಲ್ಲದೆ ಗಂಡಸಿನ ಮೇಲೆ ನಡೆದದ್ದಕ್ಕೆ ಉಳಿದಿದ್ದ ಒಂದೇ ಸೆಕ್ಷನ್ ಕೂಡ ಅದರ ಜೊತೆ ಹೋಯಿತು. ಈಗ ಹಲ್ಲೆ, ಗಾಯ ಅಂತ ದೂರು ಬರೆಯಬೇಕು. ಲಿಂಗತ್ವ ಅಲ್ಪಸಂಖ್ಯಾತರಿಗೆ 2019ರ ಕಾಯ್ದೆ ಇದೆ, ಅದರಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಗರಿಷ್ಠ ಶಿಕ್ಷೆ 2 ವರ್ಷ. ಹೆಣ್ಣಿನ ಮೇಲಿನ ಅತ್ಯಾಚಾರಕ್ಕೆ ಕನಿಷ್ಠವೇ 10 ವರ್ಷ. ಆ ಹುಡುಗನಿಗೆ ಇದನ್ನೆಲ್ಲ ಹೇಳಬೇಕಾದದ್ದು ನಾನು. ಅವನು ದೂರು ಕೊಡಲಿಲ್ಲ. ನಾನು ಅವನನ್ನು ದೂರುವುದಿಲ್ಲ, ಕಾನೂನನ್ನು ದೂರುತ್ತೇನೆ.

2025ರ ಸೆಪ್ಟೆಂಬರಿನಲ್ಲಿ ಮತ್ತೊಂದು ತೀರ್ಪು ಬಂತು. ಕೋಲ್ಕತ್ತಾದ ಒಂದು ಕಾನೂನು ವಿಶ್ವವಿದ್ಯಾಲಯದ ಅಧ್ಯಾಪಕಿ ಕುಲಪತಿಯ ಮೇಲೆ ಕೊಟ್ಟ ದೂರು ಅದು. ಕೊನೆಯ ಘಟನೆ 2023ರ ಏಪ್ರಿಲಿನದು, ದೂರು ಡಿಸೆಂಬರಿನದು. ಅವಧಿ ಮೀರಿದೆ ಅಂತ ಸುಪ್ರೀಂ ಕೋರ್ಟ್ ದೂರನ್ನು ಎತ್ತಿಹಿಡಿಯಲಿಲ್ಲ. ಹಾಗಿದ್ದರೂ ಆ ತೀರ್ಪು ಕುಲಪತಿಯ ಸ್ವವಿವರದಲ್ಲಿ ಸೇರಬೇಕು ಅಂತ ಆದೇಶಿಸಿತು. ಅಧ್ಯಾಪಕಿಗೇ, ಅದೂ ಕಾನೂನು ಕಲಿಸುವ ಜಾಗದಲ್ಲಿ, ಬಾಯಿ ಬಿಡಲು ಅಷ್ಟು ತಿಂಗಳು ಹಿಡಿದಿದ್ದರೆ, ಹತ್ತೊಂಬತ್ತರ ಹುಡುಗಿಗೆ 3 ತಿಂಗಳು ಹೇಗೆ ಸಾಕು? ಗಡುವನ್ನು ಕನಿಷ್ಠ ಒಂದು ವರ್ಷಕ್ಕೆ ಏರಿಸಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅಲ್ಲಿಯವರೆಗೆ, ತರಗತಿ ಶುರುವಾಗುವ ಮೊದಲ ವಾರವೇ ಈ ದಿನದ ಲೆಕ್ಕವನ್ನು ಪ್ರತಿ ಕಾಲೇಜೂ ಹೇಳಿಕೊಡಬೇಕು. ಸಹಾಯವಾಣಿ 181 ಮತ್ತು 112, ಉಚಿತ ಕಾನೂನು ನೆರವಿನ 15100, ಇವನ್ನು ಗೋಡೆಯ ಮೇಲೆ ಬರೆಸಬೇಕು. ಹೆಣ್ಣುಮಕ್ಕಳಿಗೆ ಆ ನೆರವು ಆದಾಯ ಎಷ್ಟೇ ಇದ್ದರೂ ಉಚಿತ.

ಅವಳು ಈಗ ಕೊನೆಯ ಸೆಮಿಸ್ಟರಿನಲ್ಲಿದ್ದಾಳೆ. ಅವನು ಮರಳಿ ಬಂದಿದ್ದಾನೆ, ಒಂದು ಬ್ಯಾಚು ಹಿಂದೆ. ಕಳೆದ ತಿಂಗಳು ಅವಳು ಫೋನ್ ಮಾಡಿ ಕೇಳಿದಳು: "ಮೇಡಂ, ಠಾಣೆಗೆ ಹೋಗೋಕೆ ಈಗಲೂ ಆಗುತ್ತಾ?"

ಆಗುತ್ತದೆ ಅಂದೆ. ಮೈಮೇಲೆ ಕೈ ಮಾಡಿದ್ದಕ್ಕೆ ಐಪಿಸಿಯ ಹಳೆಯ 354, ನ್ಯಾಯ ಸಂಹಿತೆಯ ಈಗಿನ 74ನೇ ಸೆಕ್ಷನ್. ಐದು ವರ್ಷದವರೆಗೆ ಶಿಕ್ಷೆ ಇರುವುದರಿಂದ ಅದಕ್ಕೆ ಕಾಲಮಿತಿ ಇಲ್ಲ. ಲೈಂಗಿಕ ಕಿರುಕುಳದ 75ನೇ ಸೆಕ್ಷನ್ನಿನಲ್ಲಿ ಮೈ ಮುಟ್ಟಿದ್ದಕ್ಕೆ 3 ವರ್ಷದ ಮಿತಿ ಇದೆ, ಅದೂ ಮುಗಿದಿಲ್ಲ. ಘಟನೆ ಎಲ್ಲೇ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ದೂರು ದಾಖಲಿಸಬಹುದು, ಅದಕ್ಕೆ ಜೀರೋ ಎಫ್ಐಆರ್ ಅನ್ನುತ್ತಾರೆ, ದೂರನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಕಾಲೇಜಿನ ವರದಿಯನ್ನೂ ಜೊತೆಗೆ ಕೊಡಬಹುದು.

"ಪರೀಕ್ಷೆ ಮುಗಿದ ಮೇಲೆ ಹೇಳ್ತೀನಿ" ಅಂದಳು. ಸರಿ ಅಂದೆ. ಏಳನೇ ಪ್ರತಿ ಇನ್ನೂ ನನ್ನ ಹತ್ತಿರವೇ ಇದೆ, ಸ್ಕ್ರೀನ್‌ಶಾಟ್‌ಗಳ ಸಮೇತ.